ಗುಂಡು ಕೂಸು, ಗಾಬರಿಯ ಮನೆ: ಹಸುಗೂಸಿನ ಬೊಜ್ಜಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಸಿಕೆ ದಿನ ಬರುವ ಕೂಸುಗಳ ತೂಕ, ಉದ್ದ ನೋಡಿ ತಾಯಿ ಕಾರ್ಡಿನಲ್ಲಿ ಚುಕ್ಕೆ ಇಡುವುದು, ಆಮೇಲೆ ಅಮ್ಮನ ಜೊತೆ ಐದು ನಿಮಿಷ ಕೂತು ಮಾತಾಡುವುದು ನನ್ನ ಕೆಲಸ. ಕೂಸನ್ನು ತಕ್ಕಡಿ ಮೇಲೆ ಮಲಗಿಸಿದ ಕೂಡಲೇ ಜೊತೆಗೆ ಬಂದವರೆಲ್ಲ ಬಗ್ಗಿ ಅಂಕಿ ನೋಡುತ್ತಾರೆ. ‘ಇಷ್ಟೇನಾ?’ ಅನ್ನುವವರೇ ಹೆಚ್ಚು. ‘ಜಾಸ್ತಿ ಆಯ್ತಾ?’ ಅಂತ ಕೇಳುವವರು ತೀರಾ ಅಪರೂಪ. ಕೆಳಗಿನವು ಆ ಐದು ನಿಮಿಷದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು.

ಹಸುಗೂಸಿಗೂ ಬೊಜ್ಜು ಬರುತ್ತಾ? ಮಗು ಗುಂಡಗಿದ್ದರೆ ಚೆಂದ ತಾನೆ?

ಗುಂಡಗಿರುವ ಕೂಸಿಗೆಲ್ಲ ಬೊಜ್ಜಿಲ್ಲ. ಮೂರು ನಾಲ್ಕು ತಿಂಗಳಲ್ಲಿ ತೊಡೆಯಲ್ಲಿ ಮಡಿಕೆ, ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಗೆರೆ, ಇಳಿಬಿದ್ದ ಕೆನ್ನೆ, ಇವೆಲ್ಲ ಎದೆಹಾಲು ಕುಡಿಯುವ ಕೂಸಿಗೆ ಸಹಜ. ಅಂಬೆಗಾಲಿಡಲು, ನಡೆಯಲು ಶುರು ಮಾಡಿದ ಮೇಲೆ ಅದು ತಾನೇ ಕರಗುತ್ತದೆ. ಆಗ ‘ಮಗು ಸೊರಗಿತು’ ಅಂತ ಇನ್ನೊಂದು ಗಾಬರಿ ಶುರುವಾಗುತ್ತದೆ, ಅದು ಬೇರೆ ಮಾತು.

ಕಣ್ಣಳತೆಯಲ್ಲಿ ಇದನ್ನು ಹೇಳಲಾಗದು. ಕೂಸಿನ ಉದ್ದಕ್ಕೆ ತಕ್ಕ ತೂಕ ಇದೆಯೇ ಎಂದು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆ ಪಟ್ಟಿಯಲ್ಲಿ ಉದ್ದಕ್ಕೆ ತಕ್ಕ ತೂಕದ ಚುಕ್ಕೆ, ಸರಾಸರಿ ತೋರಿಸುವ ನಡುಗೆರೆಯ ಮೇಲಿರುವ +2 ಗೆರೆಯನ್ನು ದಾಟಿದರೆ ಅತಿತೂಕ, +3 ದಾಟಿದರೆ ಬೊಜ್ಜು. ‘ಅದು ಫಾರಿನ್ ಮಕ್ಕಳ ಲೆಕ್ಕ, ನಮ್ಮವರಿಗೆ ಆಗಲ್ಲ’ ಅನ್ನುವವರಿದ್ದಾರೆ. ಆ ಪಟ್ಟಿಗಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು.

ಇನ್ನೊಂದು ವಿಷಯ. ಒಂದು ಚುಕ್ಕೆ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಮೂರು ನಾಲ್ಕು ಚುಕ್ಕೆ ಸೇರಿಸಿ ಗೆರೆ ಎಳೆದಾಗ ಅದು ಪಟ್ಟಿಯ ಗೆರೆಯ ಜೊತೆಗೇ ಹೋಗುತ್ತಿದೆಯೋ, ಅಥವಾ ಒಂದೊಂದೇ ಗೆರೆ ಹಾರಿ ಮೇಲೆ ಏರುತ್ತಿದೆಯೋ ಅನ್ನುವುದು ಮುಖ್ಯ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರದ ಲಸಿಕೆಗೆ ಬಂದಾಗೆಲ್ಲ ತೂಕ ಬರೆಸಿಕೊಳ್ಳಿ. ಉದ್ದ ಅಳೆಯುವುದನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ, ಕೇಳಿ ಅಳೆಸಿ.

ನಮ್ಮ ರಾಜ್ಯದಲ್ಲಿ ಅಪೌಷ್ಟಿಕತೆಯೇ ದೊಡ್ಡ ಸಮಸ್ಯೆ. ಬೊಜ್ಜಿನ ಮಾತು ಈಗ ಯಾಕೆ?

ಸರಿಯಾದ ಪ್ರಶ್ನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದರ ಮುಂದೆ ಅತಿತೂಕದ ಅಂಕಿ ಸಣ್ಣದೇ. ಆದರೆ ಇಡೀ ದೇಶದಲ್ಲಿ ಅದು ಹಿಂದಿನ ಸಮೀಕ್ಷೆಯ ಶೇ 2.1ರಿಂದ 3.4ಕ್ಕೆ ಏರಿದೆ. ಒಂದೇ ಬೀದಿಯಲ್ಲಿ ಎರಡೂ ಬಗೆಯ ಮನೆಗಳಿವೆ. ಒಂದೇ ಮಗುವಿನಲ್ಲೂ ಎರಡೂ ಇರಬಹುದು: ಕುಳ್ಳಗೆ ಉಳಿದಿರುತ್ತದೆ, ಬಿಸ್ಕತ್ತು ಸಕ್ಕರೆಯಲ್ಲಿ ಊದಿಕೊಂಡಿರುತ್ತದೆ, ರಕ್ತ ಪರೀಕ್ಷಿಸಿದರೆ ಕಬ್ಬಿಣಾಂಶ ಕಡಿಮೆ. ಇಲ್ಲಿ ‘ಕಡಿಮೆ ತಿನ್ನಿಸಿ’ ಅನ್ನುವುದು ಉತ್ತರವೇ ಅಲ್ಲ. ಈ ಪುಟ ಓದಿ ಯಾರಾದರೂ ಕೂಸಿನ ಊಟಕ್ಕೆ ಕತ್ತರಿ ಹಾಕಿದರೆ ನಾನು ಬರೆದದ್ದೇ ತಪ್ಪಾದೀತು.

ನಮ್ಮ ಮಗು ಹುಟ್ಟಿದಾಗ 2.4 ಕೆಜಿ ಅಷ್ಟೇ ಇತ್ತು. ಬೇಗ ದಪ್ಪ ಮಾಡಬೇಕಲ್ಲವೇ?

ಬೆಳೆಸಬೇಕು, ದಪ್ಪ ಮಾಡಬೇಕಾಗಿಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಜೊತೆಗಾರರು ಅಲ್ಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳ ಪಕ್ಕದಲ್ಲಿಟ್ಟು ಅಳೆದರು. ನಮ್ಮವರ ಸರಾಸರಿ 2.7 ಕೆಜಿ, ಅವರದು 3.5 ಕೆಜಿ. ಹೊಟ್ಟೆ, ಕೈಕಾಲಿನ ಸ್ನಾಯು ಎಲ್ಲದರಲ್ಲೂ ನಮ್ಮ ಕೂಸು ಸಣ್ಣದು, ಆದರೆ ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಮ್ಮಿ ಅವರಷ್ಟೇ. ನೋಡಲು ಕಡ್ಡಿ, ಒಳಗೆ ಕೊಬ್ಬು. ಇಂಥ ಕೂಸಿಗೆ ‘ಬೇಗ ಮೈ ತುಂಬಲಿ’ ಎಂದು ಸಕ್ಕರೆ, ಪುಡಿ, ಹೆಚ್ಚುವರಿ ಹಾಲು ಸುರಿದರೆ ತುಂಬುವುದು ಸ್ನಾಯು ಅಲ್ಲ.

ದೆಹಲಿಯಲ್ಲಿ ಹುಟ್ಟಿನಿಂದ ದೊಡ್ಡವರಾಗುವ ತನಕ ಸಾವಿರಾರು ಜನರನ್ನು ಹಿಂಬಾಲಿಸಿದ ಅಧ್ಯಯನವೊಂದಿದೆ. ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಗೆ ತಿರುಗಿದವರು ಮೊದಲ ಎರಡು ವರ್ಷ ತೆಳ್ಳಗೇ ಇದ್ದವರು, ಆಮೇಲೆ ಬಾಲ್ಯದಲ್ಲಿ ಒಂದೇ ಸಮ ದಪ್ಪವಾಗುತ್ತ ಹೋದವರು. ಹಾಗಾಗಿ ಕಡಿಮೆ ತೂಕದ ಕೂಸಿಗೆ ಮೊದಲ ಎರಡು ವರ್ಷ ಒಳ್ಳೆಯ ಆಹಾರ ಬೇಕೇ ಬೇಕು. ಅದು ಎದೆಹಾಲು, ಆಮೇಲೆ ಬೇಳೆ, ಮೊಟ್ಟೆ, ಸೊಪ್ಪು, ತುಪ್ಪ. ಬಿಸ್ಕತ್ತು ಅದ್ದಿದ ಹಾಲಲ್ಲ. ಎರಡು ಕೆಜಿಗಿಂತ ಕಡಿಮೆ ಇದ್ದು ಹುಟ್ಟಿದ, ಅಥವಾ ತಿಂಗಳು ತುಂಬದೆ ಹುಟ್ಟಿದ ಕೂಸಿನ ಲೆಕ್ಕ ಬೇರೆ, ಅಲ್ಲಿ ಡಾಕ್ಟರು ಹೇಳಿದ್ದೇ ಸರಿ.

ಇದಕ್ಕೆಲ್ಲ ಬಸುರಿನಲ್ಲೇ ಬೀಜ ಬೀಳುತ್ತದಂತೆ, ಹೌದಾ?

ಸ್ವಲ್ಪ ಮಟ್ಟಿಗೆ ಹೌದು, ಇದನ್ನು ತೋರಿಸಿಕೊಟ್ಟ ಊರುಗಳಲ್ಲಿ ಮೈಸೂರೂ ಒಂದು. ಇಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ (ಹಳಬರಿಗೆ ಅದು ಮಿಷನ್ ಆಸ್ಪತ್ರೆ) 1997–98ರಲ್ಲಿ ಬಸುರಿಯರ ಸಕ್ಕರೆ ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಾನುಗಟ್ಟಲೆ ಅಳೆಯುತ್ತ ಬಂದರು. ಬಸುರಿನಲ್ಲಿ ಸಕ್ಕರೆ ಏರಿದ್ದವರ ಕೂಸುಗಳು ಹುಟ್ಟುವಾಗ ಎಲ್ಲ ಅಳತೆಯಲ್ಲೂ ದೊಡ್ಡವು. ಒಂದು ವರ್ಷಕ್ಕೆ ಆ ವ್ಯತ್ಯಾಸ ಮಾಯವಾಯಿತು. ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನಬೇಕು, ಆದರೆ ಐದನೇ ವರ್ಷಕ್ಕೆ ಆ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು ಮತ್ತೆ ಹೆಚ್ಚಾಗಿತ್ತು, ರಕ್ತದಲ್ಲಿ ಇನ್ಸುಲಿನ್ ಕೂಡ.

ಹಾಗಾಗಿ ಬಸುರಿನಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ‘ಇಬ್ಬರ ಊಟ ಮಾಡು’ ಅನ್ನುವ ಮಾತನ್ನು ಸ್ವಲ್ಪ ತಿದ್ದಿಕೊಳ್ಳಿ: ಇಬ್ಬರಿಗೆ ಆಗುವಷ್ಟು ಒಳ್ಳೆಯದನ್ನು ತಿನ್ನಬೇಕು, ಇಬ್ಬರಷ್ಟು ಅನ್ನ ಬೇಕಿಲ್ಲ. ಬಸುರಿನಲ್ಲಿ ಸಕ್ಕರೆ ಬಂದಿದ್ದ ತಾಯಿಗೆ ನಾನು ಒತ್ತಿ ಹೇಳುವ ಮಾತು ಒಂದೇ. ಇದು ನಿಮ್ಮ ತಪ್ಪಲ್ಲ, ಆದರೆ ಆ ಕಾಗದ ಜೋಪಾನವಾಗಿರಲಿ, ಮಗುವಿಗೆ ಐದಾದಾಗಲೂ ಡಾಕ್ಟರಿಗೆ ತೋರಿಸಿ.

ಎದೆಹಾಲು ಸಾಲುತ್ತಿಲ್ಲ. ಮಗು ಅಳುತ್ತಲೇ ಇರುತ್ತದೆ. ಪುಡಿ ಹಾಲು ಶುರು ಮಾಡಲಾ?

ಇಡೀ ಪುಟದಲ್ಲಿ ನನಗೆ ಮುಖ್ಯವಾದ ಪ್ರಶ್ನೆ ಇದು.

ಬಾಣಂತಿಗೆ ‘ಹಾಲು ಸಾಲದು’ ಅನ್ನಿಸುವುದು ಸಾಮಾನ್ಯವಾಗಿ ಎದೆಯಿಂದಲ್ಲ, ಪಕ್ಕದಲ್ಲಿ ಕೂತವರ ಬಾಯಿಂದ. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು ಚಿಕ್ಕ ಚಮಚದಷ್ಟು. ಅದರ ಹೊಟ್ಟೆ ಇರುವುದೇ ಅಷ್ಟು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಈ ಸಂಗತಿ ಗೊತ್ತಿಲ್ಲದ ಮನೆಯಲ್ಲಿ ಮೂರನೇ ದಿನವೇ ಡಬ್ಬಿ ಬರುತ್ತದೆ. ಡಬ್ಬಿ ಹಾಲು ಹೊಟ್ಟೆ ಸೇರಿದಷ್ಟೂ ಕೂಸು ಎದೆ ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದಷ್ಟೂ ಹಾಲು ಕಡಿಮೆ. ತಿಂಗಳಲ್ಲಿ ‘ನೋಡಿದ್ರಾ, ನಾನು ಹೇಳಿರಲಿಲ್ವಾ’ ಅನ್ನುವಂತಾಗುತ್ತದೆ.

ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತೂಕದ ಗೆರೆ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಕೂಸು ಅಳಲು ಕಾರಣ ಹತ್ತಿವೆ: ಒದ್ದೆ, ಸೆಕೆ, ನಿದ್ದೆ, ಹೊಟ್ಟೆಯ ಗಾಳಿ, ಅಪ್ಪಿಕೊಳ್ಳಬೇಕೆಂಬ ಆಸೆ. ಪ್ರತಿ ಅಳುವಿಗೂ ಹಾಲೇ ಉತ್ತರವಾದರೆ, ಬೇಸರವಾದಾಗ ಬಾಯಿಗೆ ಏನಾದರೂ ಬೇಕು ಅನ್ನುವುದನ್ನು ಆ ಕೂಸಿಗೆ ನಾವೇ ಕಲಿಸಿದಂತೆ. ಹಸಿದಾಗ ಕೂಸು ಅಳುವ ಮೊದಲೇ ಹೇಳುತ್ತದೆ. ತಲೆ ಅತ್ತಿತ್ತ ತಿರುಗಿಸುತ್ತದೆ, ಮುಷ್ಟಿ ಬಾಯಿಗೆ ತರುತ್ತದೆ, ತುಟಿ ಚಪ್ಪರಿಸುತ್ತದೆ. ಹೊಟ್ಟೆ ತುಂಬಿದರೆ ಬಿಗಿದ ಮುಷ್ಟಿ ಬಿಚ್ಚಿಕೊಳ್ಳುತ್ತದೆ, ಮೊಲೆ ತಾನೇ ಬಿಡುತ್ತದೆ. ಒಂದು ವಾರ ಕೂತು ನೋಡಿದರೆ ಯಾವ ತಾಯಿಗಾದರೂ ಇದು ತಿಳಿಯುತ್ತದೆ.

ಕೂತು ನೋಡಲು ಅವಳಿಗೆ ಪುರುಸೊತ್ತು ಬೇಕಲ್ಲ. ಬಾಣಂತನ ಅನ್ನುವ ಪದ್ಧತಿ ಇದ್ದದ್ದೇ ಅದಕ್ಕೆ. ಎಣ್ಣೆ ನೀರು, ಖಾರ, ಅಂಟಿನುಂಡೆ ಎಲ್ಲ ಇರಲಿ. ಜೊತೆಗೆ ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವವರು, ರಾತ್ರಿ ಎರಡಕ್ಕೆ ಬಟ್ಟೆ ಬದಲಿಸುವವರು, ನೋಡಲು ಬಂದವರನ್ನು ಹತ್ತು ನಿಮಿಷಕ್ಕೆ ಕಳಿಸುವವರು ಒಬ್ಬೊಬ್ಬರು ಬೇಕು. ಮೂರು ರಾತ್ರಿ ನಿದ್ದೆಗೆಟ್ಟ ತಾಯಿ ಬಾಟಲಿ ಕೈಗೆತ್ತಿಕೊಂಡರೆ ಅವಳನ್ನು ಬೈಯುವ ಹಕ್ಕು ಆ ಮನೆಯಲ್ಲಿ ಯಾರಿಗೂ ಇಲ್ಲ.

ಎದೆಹಾಲು ಕುಡಿದೇ ಮಗು ತುಂಬಾ ದಪ್ಪ ಆಗಿದೆ. ಹಾಲು ಕಡಿಮೆ ಮಾಡಲಾ?

ಬೇಡ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಕೂಸು ಕೇಳಿದಾಗೆಲ್ಲ. ಎರಡು ವರ್ಷದವರೆಗೂ, ಆಮೇಲೂ ಮುಂದುವರಿಸಬಹುದು.

ಪುಡಿ ಹಾಲು ಕೊಡಲೇಬೇಕಾಗಿದೆ. ಏನು ಎಚ್ಚರ ಬೇಕು?

ಅಂಥ ಸಂದರ್ಭಗಳಿವೆ, ನಾಚಿಕೆ ಬೇಕಿಲ್ಲ. ಡಬ್ಬಿಯೊಳಗಿನ ಚಮಚವನ್ನು ಮಟ್ಟವಾಗಿ ಸವರಿ, ಡಬ್ಬಿ ಮೇಲೆ ಬರೆದಷ್ಟೇ ನೀರು ಹಾಕಿ. ‘ಗಟ್ಟಿಯಾಗಿರಲಿ’ ಎಂದು ಮೇಲೊಂದು ಚಮಚ ಹಾಕಿದರೆ ಕೂಸಿಗೆ ದಾಹವಾಗುತ್ತದೆ, ದಾಹಕ್ಕೆ ಅಳುತ್ತದೆ, ಅತ್ತದ್ದಕ್ಕೆ ಮತ್ತೆ ಹಾಲು. ಉಳಿಸಲೆಂದು ನೀರು ಹೆಚ್ಚಿಸುವುದೂ ಅಷ್ಟೇ ಅಪಾಯ. ಬಾಟಲಿಯಲ್ಲಿ ಉಳಿದ ಅರ್ಧ ಔನ್ಸ್ ದುಡ್ಡು ಕೊಟ್ಟು ತಂದದ್ದು ಅಂತ ಕುಡಿಸಿ ಮುಗಿಸಬೇಡಿ, ಚೆಲ್ಲಿಬಿಡಿ. ಎದೆಯಲ್ಲಿ ಎಷ್ಟು ಉಳಿಯಿತೆಂದು ಯಾರಿಗೂ ಕಾಣುವುದಿಲ್ಲ, ಬಾಟಲಿಯಲ್ಲಿ ಕಾಣುತ್ತದೆ. ಬಾಟಲಿಯ ದೊಡ್ಡ ಕೆಡುಕೇ ಅದು.

ನಮ್ಮಜ್ಜಿಯ ಕಾಲದ ಒಳಲೆ ಇದಕ್ಕಿಂತ ಎಷ್ಟೋ ವಾಸಿ. ಬೆಳ್ಳಿಯದೇ ಬೇಕೆಂದಿಲ್ಲ, ಸ್ಟೀಲಿನದೂ ಸಿಗುತ್ತದೆ, ಕುದಿಸಿ ತೊಳೆಯಲು ಸುಲಭ. ಒಳಲೆಯ ತುದಿಯನ್ನು ತುಟಿಗೆ ತಾಗಿಸಿ ಕಾದರೆ ಕೂಸು ತಾನೇ ಎಳೆದುಕೊಳ್ಳುತ್ತದೆ. ಗಂಟಲಿಗೆ ಸುರಿಯುವುದಲ್ಲ. ಕೈಕಾಲು ಹಿಡಿದು, ಮೂಗು ಮುಚ್ಚಿ ಸುರಿಯುವುದನ್ನು ಈಗಲೂ ನೋಡುತ್ತೇನೆ, ಅದನ್ನು ಇಂದೇ ನಿಲ್ಲಿಸಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಕೂಸಿನ ಹಾಲಿನ ಪುಡಿ, ಬಾಟಲಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರ ಇವುಗಳ ಜಾಹೀರಾತು ನಮ್ಮ ದೇಶದಲ್ಲಿ ಕಾನೂನುಬಾಹಿರ. 1992ರ ಕಾಯ್ದೆ, 2003ರಲ್ಲಿ ಇನ್ನೂ ಬಿಗಿಯಾಯಿತು. ಉಚಿತ ಸ್ಯಾಂಪಲ್ ಕೊಡುವುದೂ ತಪ್ಪು. ಇನ್‌ಸ್ಟಾಗ್ರಾಮಿನಲ್ಲಿ ಯಾರಾದರೂ ಅಕ್ಕರೆಯಿಂದ ಡಬ್ಬಿ ತೋರಿಸಿದರೆ ಇದು ನೆನಪಿರಲಿ.

ನಾಲ್ಕು ತಿಂಗಳಿಗೇ ರಾಗಿ ಸರಿ ಶುರು ಮಾಡಿದರೆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತದಂತೆ?

ಆರು ತಿಂಗಳು ತುಂಬಲಿ. ಸರಿ ತಿಂದ ಕೂಸು ಹೆಚ್ಚು ನಿದ್ದೆ ಮಾಡಿಯೇ ಮಾಡುತ್ತದೆ ಅನ್ನಲು ಆಧಾರವಿಲ್ಲ. ಅದು ಎದೆಹಾಲಿನ ಜಾಗ ಕಸಿಯುವುದಂತೂ ಖಂಡಿತ.

ಆರು ತುಂಬಿದ ಮೇಲೆ ಎರಡು ಮೂರು ಚಮಚದಿಂದ ಶುರು. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಹೊತ್ತು, 250 ಮಿಲಿ ಬಟ್ಟಲಿನ ಅರ್ಧದಷ್ಟು. ಒಂದು ವರ್ಷದ ಮೇಲೆ ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು, ಮೂರು ನಾಲ್ಕು ಹೊತ್ತು. ಇದು ಅಂದಾಜು, ಗುರಿಯಲ್ಲ. ಚಮಚ ಓರೆ ಮಾಡಿದರೆ ಸರಿ ನೀರಾಗಿ ಹರಿಯಬಾರದು, ನಿಧಾನಕ್ಕೆ ಜಾರಬೇಕು. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಒಳ್ಳೆಯದೇ, ಆದರೆ ಬೆಳಗ್ಗೆ ರಾಗಿ, ಮಧ್ಯಾಹ್ನ ರಾಗಿ, ರಾತ್ರಿ ರಾಗಿ ಆದರೆ ಬರೀ ಪಿಷ್ಟ ಆಯಿತು. ಮಸೆದ ಬೇಳೆ, ಸೊಪ್ಪು, ಮೊಟ್ಟೆ, ತಿನ್ನುವ ಮನೆಯಾದರೆ ಮೀನು, ಮಾಂಸ, ಕಿವುಚಿದ ಬಾಳೆ, ಪರಂಗಿ, ಮೊಸರು ಹೀಗೆ ಬದಲಾಗುತ್ತಿರಲಿ. ಸೊಪ್ಪನ್ನು ಮುಖ ಸಿಂಡರಿಸಿ ಉಗುಳಿದರೆ ‘ಇಷ್ಟವಿಲ್ಲ’ ಅಂತ ಷರಾ ಬರೆದುಬಿಡಬೇಡಿ. ಹತ್ತು ಸಲ ಉಗುಳಿ ಹನ್ನೊಂದನೇ ಸಲಕ್ಕೆ ನುಂಗಿದ ಮಕ್ಕಳು ಬೇಕಾದಷ್ಟಿದ್ದಾರೆ.

ಒಂದು ವರ್ಷ ಆದ ಮೇಲೆ ಮಗು ಏನೂ ತಿನ್ನುತ್ತಿಲ್ಲ!

ಮೊದಲು ಅಂಕಿ ನೋಡಿ. ಸರಾಸರಿ ಗಂಡುಕೂಸು ಆರು ತಿಂಗಳಿಗೆ 7.9 ಕೆಜಿ, ಒಂದು ವರ್ಷಕ್ಕೆ 9.6, ಎರಡು ವರ್ಷಕ್ಕೆ 12.2. ಹೆಣ್ಣುಕೂಸು 7.3, 8.9, 11.5. ಅಂದರೆ ಹುಟ್ಟಿದ ಆರೇ ತಿಂಗಳಲ್ಲಿ ನಾಲ್ಕು ಕೆಜಿಗೂ ಹೆಚ್ಚು ಏರಿದ ಕೂಸು ಎರಡನೇ ವರ್ಷ ಪೂರ್ತಿ ಸೇರಿ ಎರಡೂವರೆ ಕೆಜಿ ಏರುತ್ತದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ನಿಧಾನವಾಗಬೇಕಲ್ಲ? ಮಗು ಸರಿಯಾಗೇ ಇದೆ, ನಮ್ಮ ಬಟ್ಟಲು ಮಾತ್ರ ದೊಡ್ಡದಾಗುತ್ತ ಹೋಗಿದೆ.

ಒಂದು ಮನೆಯವರು ‘ಹೇಗೆ ಸತಾಯಿಸುತ್ತಾಳೆ ನೋಡಿ’ ಅಂತ ವಿಡಿಯೊ ಹಿಡಿದು ತಂದಿದ್ದರು. ಹದಿಮೂರು ತಿಂಗಳ ಹುಡುಗಿ. ಅಜ್ಜಿಯ ಕೈಯಲ್ಲಿ ಮೊಬೈಲು, ಅದರಲ್ಲಿ ಆನೆ ಹಾಡು. ತಾತ ಪಕ್ಕದಲ್ಲಿ ಚಪ್ಪಾಳೆ. ಅಮ್ಮನ ಬಟ್ಟಲಲ್ಲಿ ಹಾಲಿಗೆ ಕಿವುಚಿದ ಇಡ್ಲಿ. ಮಗು ತುಟಿ ಬಿಗಿಹಿಡಿಯಿತು. ಚಮಚ ಕಾಯಿತು. ಹಾಡಿನಲ್ಲಿ ಆನೆ ಬಿದ್ದಾಗ ಮಗು ಬಾಯಿ ಬಿಟ್ಟು ನಕ್ಕಿತು, ಚಮಚ ಒಳಗೆ ಹೋಯಿತು. ಆಮೇಲೆ ಮುಖ ಎಡಕ್ಕೆ, ಚಮಚವೂ ಎಡಕ್ಕೆ. ಮುಖ ಬಲಕ್ಕೆ, ಚಮಚವೂ ಬಲಕ್ಕೆ. ನಾಲ್ಕು ನಿಮಿಷದ ವಿಡಿಯೊದಲ್ಲಿ ಆ ಮಗು ಏಳು ಸಲ ‘ಸಾಕು’ ಅಂದಿತ್ತು. ಮಾತು ಬರುತ್ತಿರಲಿಲ್ಲ, ಅಷ್ಟೇ. ಕಾರ್ಡು ತೆಗೆದು ನೋಡಿದರೆ ತೂಕ ನಡುಗೆರೆಗಿಂತ ಮೇಲೇ ಇತ್ತು. ನಾನು ಬೋಧನೆ ಮಾಡಲಿಲ್ಲ, ವಿಡಿಯೊವನ್ನು ಸದ್ದು ತೆಗೆದು ಇನ್ನೊಮ್ಮೆ ಹಾಕಿದೆ. ಅಜ್ಜಿಯೇ ಮೊದಲು ಹೇಳಿದ್ದು, ‘ಅಯ್ಯೋ, ಮಗೂಗೆ ಬೇಡವಾಗಿದೆ ಕಣೇ.’

ಹೀಗೆ ವರ್ಷಗಟ್ಟಲೆ ನಡೆದರೆ ಹೊಟ್ಟೆ ತುಂಬಿದಾಗ ನಿಲ್ಲಿಸಬೇಕು ಅನ್ನುವ ಹುಟ್ಟುಗುಣ ಮಂದವಾಗುತ್ತದೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದು. ಎಷ್ಟು ಅನ್ನುವುದು ಮಗುವಿನದು. ಮನೆಯವರ ಜೊತೆ ಚಾಪೆ ಮೇಲೆ ಕೂರಿಸಿ, ಅದರ ಮುಂದೆಯೂ ಒಂದು ತಟ್ಟೆ ಇಡಿ, ಚೆಲ್ಲಲಿ. ಇಪ್ಪತ್ತು ನಿಮಿಷ, ಬಹಳವೆಂದರೆ ಅರ್ಧ ಗಂಟೆ. ತಟ್ಟೆ ತೆಗೆದ ಮೇಲೆ ‘ಏನೂ ತಿನ್ನಲಿಲ್ಲ’ ಎಂದು ಹತ್ತು ನಿಮಿಷಕ್ಕೆ ಬಿಸ್ಕತ್ತು ಕೊಡುವ ಹಾಗಿಲ್ಲ.

ಹಾಲು ಎಷ್ಟು ಕುಡಿಯುತ್ತಿದೆ ಅಂತಲೂ ಲೆಕ್ಕ ಹಾಕಿ. ವರ್ಷದ ಮೇಲಿನ ಮಗು ದಿನಕ್ಕೆ ಲೀಟರು ಹಸುವಿನ ಹಾಲು ಕುಡಿದರೆ ಊಟಕ್ಕೆ ಜಾಗವೆಲ್ಲಿ? ಅರ್ಧ ಲೀಟರಿನೊಳಗೆ ಇರಲಿ.

ಮೊಬೈಲ್ ಇಲ್ಲದೆ ಬಾಯೇ ತೆಗೆಯೋದಿಲ್ಲ. ಏನು ಮಾಡೋಣ?

ಭಾರತೀಯ ಮಕ್ಕಳ ವೈದ್ಯರ ಸಂಘ ಎರಡು ವರ್ಷದ ತನಕ ಪರದೆ ಬೇಡವೇ ಬೇಡ ಅನ್ನುತ್ತದೆ, ಮನೆಯವರೊಂದಿಗೆ ಆಗೀಗ ವಿಡಿಯೊ ಕಾಲ್ ಬಿಟ್ಟು. ಬಿಡಿಸಲು ಮೂರರಿಂದ ಐದು ದಿನ ಕಷ್ಟ. ಆ ದಿನಗಳಲ್ಲಿ ಮಗು ಕಡಿಮೆ ತಿನ್ನುತ್ತದೆ, ಕಿರುಚುತ್ತದೆ. ಮನೆಯ ಎಲ್ಲರೂ ಒಂದೇ ದಿನ ಒಪ್ಪಿಕೊಂಡರೆ ಮಾತ್ರ ಕೈ ಹಾಕಿ. ಅಮ್ಮ ಬಚ್ಚಿಟ್ಟ ಮೊಬೈಲನ್ನು ಚಿಕ್ಕಪ್ಪ ತೆಗೆದುಕೊಟ್ಟರೆ ಮುಗಿಯಿತು.

ಸಕ್ಕರೆ ಬೇಡ ಸರಿ, ಬೆಲ್ಲ? ಕಲ್ಲುಸಕ್ಕರೆ? ಜೇನು? ಜ್ಯೂಸ್?

ಎರಡು ವರ್ಷದ ತನಕ ಮೇಲಿನಿಂದ ಹಾಕುವ ಸಿಹಿ ಯಾವುದೂ ಬೇಡ. ಕೂಸಿನ ನಾಲಿಗೆಗೆ ಬೆಲ್ಲವೂ ಸಿಹಿಯೇ. ಜೇನು ಒಂದು ವರ್ಷದೊಳಗೆ ಅಪಾಯ ಕೂಡ, ಬಾಟ್ಯುಲಿಸಂ ಅನ್ನುವ ವಿಷಬಾಧೆ ಬರಬಹುದು, ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಶಾಸ್ತ್ರ ಬಿಡಿ. ಜ್ಯೂಸ್ ಬದಲು ಹಣ್ಣನ್ನೇ ಕಿವುಚಿ. ‘ಬೇಬಿ ಬಿಸ್ಕತ್ತು’, ‘ಮಲ್ಟಿಗ್ರೇನ್’ ಅಂತ ಮುಂದೆ ಬರೆದದ್ದನ್ನು ಬಿಟ್ಟು ಪೊಟ್ಟಣ ತಿರುಗಿಸಿ, ಸಣ್ಣಕ್ಷರದ ಪಟ್ಟಿಯಲ್ಲಿ ಮೊದಲ ಮೂರು ಹೆಸರು ಓದಿ.

ತುಪ್ಪ ಹಾಕಬಹುದಾ?

ಹಾಕಿ. ಹೊತ್ತಿಗೆ ಒಂದು ಚಿಕ್ಕ ಚಮಚ. ಎರಡು ವರ್ಷದ ತನಕ ಮಿದುಳು ಬೆಳೆಯಲು ಕೊಬ್ಬು ಬೇಕು. ಕೆನೆ ತೆಗೆದ ಹಾಲು, ಡಯಟ್ ಇವೆಲ್ಲ ಕೂಸಿಗಲ್ಲ.

ಅತ್ತೆ ನನ್ನ ಮಾತು ಕೇಳುವುದಿಲ್ಲ. ‘ನಾವೇನು ಮಕ್ಕಳು ಸಾಕಿಲ್ವಾ’ ಅಂತಾರೆ.

ಅವರು ಹೇಳುವುದರಲ್ಲೂ ಅರ್ಥವಿದೆ. ಅವರ ಕಾಲದಲ್ಲಿ ಬೇಧಿ, ದಡಾರ ಬಂದರೆ ಮೈಯಲ್ಲಿ ನಾಲ್ಕು ಕಾಸು ಕೊಬ್ಬಿದ್ದ ಕೂಸು ಬದುಕುತ್ತಿತ್ತು, ಸಣ್ಣದು ಉಳಿಯುವುದು ಕಷ್ಟ. ಗುಂಡಗಿರಲಿ ಅನ್ನುವುದು ಅವರ ಕಣ್ಣಾರೆ ಕಂಡ ಭಯದಿಂದ ಬಂದ ಮಾತು. ಆ ಭಯವನ್ನು ಸೊಸೆ ಮೊಬೈಲಿನಲ್ಲಿ ಓದಿದ ಲೇಖನದಿಂದ ತೆಗೆಯಲಾಗದು. ಮುಂದಿನ ಲಸಿಕೆಗೆ ಅವರನ್ನೇ ಕರೆತನ್ನಿ, ಚುಕ್ಕೆ ಎಲ್ಲಿದೆ ಅಂತ ಅವರಿಗೇ ತೋರಿಸಲಿ. ಅವರಿಗೆ ಕೆಲಸವೂ ಕೊಡಿ. ಹುರಿದು, ಕುಟ್ಟಿ, ಜರಡಿ ಹಿಡಿದು ಹಿಟ್ಟು ಮಾಡುವುದು, ಎಣ್ಣೆ ಹಚ್ಚಿ ನೀರು ಹಾಕುವುದು, ಲಾಲಿ ಹಾಡಿ ಮಲಗಿಸುವುದು, ಇದರಲ್ಲಿ ಅವರನ್ನು ಮೀರಿಸುವವರಿಲ್ಲ. ಚಮಚ ಒಂದನ್ನು ಮಾತ್ರ ಮಗುವಿನ ಅಪ್ಪಣೆ ಕೇಳಿ ಎತ್ತಲಿ.

ತೂಕ ಬರೆಸಿದರೆ ದೃಷ್ಟಿಯಾಗುತ್ತೆ ಅನ್ನುವ ಅಜ್ಜಿಯರಿಗೆ ನಾನು ‘ಮನೆಗೆ ಹೋಗಿ ದೃಷ್ಟಿ ತೆಗೀರಿ, ಈಗ ಬರೆಸಿ’ ಅನ್ನುತ್ತೇನೆ. ಒಪ್ಪುತ್ತಾರೆ.

ಅಪ್ಪ ಏನು ಮಾಡಬೇಕು?

ರಾತ್ರಿಯ ಒಂದು ಪಾಳಿ ಹೊತ್ತುಕೊಳ್ಳಬೇಕು. ಆಫೀಸಿನಿಂದ ಬರುವಾಗ ಪ್ರೀತಿಯ ಗುರುತಾಗಿ ಚಾಕೊಲೇಟ್, ಕುರುಕಲು ತರುವುದನ್ನು ನಿಲ್ಲಿಸಬೇಕು. ಹೆಂಡತಿಯ ಪರವಾಗಿ ತನ್ನ ತಾಯಿಯ ಹತ್ತಿರ ತಾನೇ ಮಾತಾಡಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ ಅಂತ ಗೊತ್ತು.

ನಿದ್ದೆ, ಆಟಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು, ಒಂದರಿಂದ ಎರಡು ವರ್ಷಕ್ಕೆ 11ರಿಂದ 14. ಅಪ್ಪ ಬರಲಿ ಅಂತ ಹತ್ತೂವರೆ ತನಕ ಎಚ್ಚರ ಇಡುವ ಮನೆಗಳಲ್ಲಿ ಈ ಲೆಕ್ಕ ಸೇರುವುದೇ ಇಲ್ಲ. ಎಚ್ಚರವಿದ್ದಾಗ ದಿನಕ್ಕೆ ಅರ್ಧ ಗಂಟೆ, ಬಿಟ್ಟು ಬಿಟ್ಟು, ಬೋರಲು ಮಲಗಿಸಿ ಎದುರು ನೀವೂ ಮಲಗಿ. ಮಲಗುವಾಗ ಮಾತ್ರ ಅಂಗಾತ. ತೆವಳಲು ನೆಲ ಕೊಡಿ. ವಾಕರ್ ಬೇಡ, ಅದು ನಡೆಯಲು ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳಿಸುತ್ತದೆ. ನನ್ನ ಮಗನಿಗೂ ತಂದಿದ್ದೆ, ಹಣೆಯಲ್ಲಿ ಗುರುತು ಇನ್ನೂ ಇದೆ.

ನಾನು ಕೆಲಸಕ್ಕೆ ಹೋಗಬೇಕು. ಇದೆಲ್ಲ ಹೇಗೆ ಸಾಧ್ಯ?

ಒಬ್ಬಳಿಂದ ಸಾಧ್ಯವಿಲ್ಲ, ಮಾಡಲೂಬಾರದು. ಸಂಘಟಿತ ವಲಯದಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರದ ಹೆರಿಗೆ ರಜೆ ಕಾನೂನಿನಲ್ಲಿದೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಕೂಸುಗಳ ಪಾಲನಾ ಕೇಂದ್ರ ಇರಬೇಕು. ಕೇಳಿ ಪಡೆಯಬೇಕು. ಕೂಲಿಗೆ ಹೋಗುವವರಿಗೆ, ಮನೆಗೆಲಸದವರಿಗೆ ಈ ರಜೆ ಕಾಗದದ ಮೇಲೂ ಇಲ್ಲ ಅನ್ನುವುದು ನನಗೆ ಪ್ರತಿ ವಾರ ಚುಚ್ಚುವ ಸಂಗತಿ. ಹಳ್ಳಿಗಳಲ್ಲಿ ಪಂಚಾಯಿತಿಯ ಕೂಸಿನ ಮನೆ ಇದೆಯೇ ವಿಚಾರಿಸಿ. ಹಿಂಡಿಟ್ಟ ಎದೆಹಾಲು ನಮ್ಮ ಹವೆಯಲ್ಲಿ ಹೊರಗೆ ಮೂರು ನಾಲ್ಕು ಗಂಟೆ ಕೆಡುವುದಿಲ್ಲ, ಫ್ರಿಜ್ಜಿನ ಒಳಭಾಗದಲ್ಲಿ ಒಂದು ದಿನ ಧೈರ್ಯವಾಗಿ ಇಡಬಹುದು.

ಮನೆಗೇ ಬರುವ ಸಹಾಯವೂ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳು. ಬಂದಾಗ ‘ಎಲ್ಲ ಚೆನ್ನಾಗಿದೆ’ ಅಂತ ಬಾಗಿಲಲ್ಲೇ ಕಳಿಸಬೇಡಿ. ಕೂರಿಸಿ ಒಂದು ಲೋಟ ನೀರು ಕೊಟ್ಟು, ಹಾಲು ಕುಡಿಸುವಾಗ ಪಕ್ಕದಲ್ಲಿ ಕೂತು ನೋಡಲು ಹೇಳಿ.

ಇಷ್ಟೆಲ್ಲ ಸಲಹೆ ಕೊಟ್ಟರೆ ಬೊಜ್ಜು ನಿಜಕ್ಕೂ ತಪ್ಪುತ್ತದಾ?

ಇದನ್ನು ಮುಚ್ಚಿಡದೆ ಹೇಳಬೇಕು. ಆಸ್ಟ್ರೇಲಿಯಾದ ಸಿಡ್ನಿಯ ನೈರುತ್ಯ ಭಾಗದಲ್ಲಿ 667 ಚೊಚ್ಚಲ ತಾಯಂದಿರಲ್ಲಿ ಅರ್ಧದಷ್ಟು ಜನರ ಮನೆಗೆ ನರ್ಸುಗಳು ಬಸುರಿನಿಂದ ಎರಡು ವರ್ಷದ ತನಕ ಎಂಟು ಸಲ ಹೋಗಿ ಬಂದರು. ಎರಡನೇ ವರ್ಷಕ್ಕೆ ಆ ಮಕ್ಕಳ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಹೇಳುವ ಅಂಕಿ) ಉಳಿದವರಿಗಿಂತ 0.29 ಕಡಿಮೆ ಇತ್ತು. ನರ್ಸುಗಳು ಹೋಗುವುದು ನಿಂತ ಮೇಲೆ, ಐದನೇ ವರ್ಷದ ಹೊತ್ತಿಗೆ ವ್ಯತ್ಯಾಸ ಅಳಿಸಿಹೋಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 279 ಕೂಸುಗಳ ಅಧ್ಯಯನದಲ್ಲಿ ಹಸಿವಿನ ಸನ್ನೆ ಓದುವುದು, ಅಳು ಸಂತೈಸುವುದು, ಮಲಗಿಸುವುದು ಹೇಳಿಕೊಟ್ಟಾಗ ಮೂರನೇ ವರ್ಷಕ್ಕೂ ಸಣ್ಣ ಲಾಭ ಉಳಿದಿತ್ತು. ಆದರೆ ಇಂಥ 17 ಅಧ್ಯಯನಗಳ ಒಂಬತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ಒಟ್ಟು ಸೇರಿಸಿದ ವರದಿ 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ಹೊತ್ತಿಗೆ ಬಿಎಂಐನಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ.

ನನ್ನ ಓದು ಇಷ್ಟು: ತಾಯಿಯೊಬ್ಬಳ ಕಿವಿಗೆ ಸಲಹೆ ಸುರಿದು ಕೈತೊಳೆದುಕೊಂಡರೆ ಆಗುವುದು ಕಡಿಮೆ. ಅವಳಿಗೆ ರಜೆ ಇಲ್ಲ, ನಿದ್ದೆ ಇಲ್ಲ, ಬೀದಿಯ ಪ್ರತಿ ಅಂಗಡಿಯಲ್ಲಿ ಐದು ರೂಪಾಯಿಯ ಪೊಟ್ಟಣ ನೇತಾಡುತ್ತಿದೆ, ಮನೆಯಲ್ಲಿ ನಾಲ್ಕು ಜನ ನಾಲ್ಕು ಚಮಚ ಹಿಡಿದಿದ್ದಾರೆ. ಹಾಗಿದ್ದೂ ನಾನು ಈ ಕೆಲಸ ಬಿಟ್ಟಿಲ್ಲ. ಊಟದ ಹೊತ್ತು ಅಳುವಿನ ಹೊತ್ತಾಗದಿದ್ದರೆ ಅದು ಬಿಎಂಐ ಪಟ್ಟಿಯಲ್ಲಿ ಕಾಣದಿದ್ದರೂ ಆ ಮನೆಗೆ ಲಾಭವೇ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಚುಕ್ಕೆ +3 ದಾಟಿದ್ದರೆ, ಅಥವಾ ಎರಡು ಮೂರು ತಿಂಗಳಲ್ಲಿ ಎರಡು ಗೆರೆ ಹಾರಿದ್ದರೆ. ತೂಕ ಏರುತ್ತಿದ್ದು ಉದ್ದ ನಿಂತುಬಿಟ್ಟಿದ್ದರೆ ಬೇಗ, ಅದು ಥೈರಾಯ್ಡ್ ಅಥವಾ ಬೇರೆ ಗ್ರಂಥಿಯ ತೊಂದರೆ ಇರಬಹುದು. ಹುಟ್ಟಿನಿಂದ ತೀರಾ ಮೆತ್ತಗಿದ್ದು, ಮೊದಲು ಚೀಪಲೂ ಆಗದೆ ಆಮೇಲೆ ಎಷ್ಟು ಕೊಟ್ಟರೂ ಹಸಿವು ತೀರದ ಮಗುವನ್ನೂ ತೋರಿಸಬೇಕು. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾದರೆ ಅಂದೇ. ಹೋಗುವಾಗ ತಾಯಿ ಕಾರ್ಡು ತೆಗೆದುಕೊಂಡು ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟರೆ ಹಾಲು ಚೆಲ್ಲಿದರೂ ಚುಕ್ಕೆಗಳು ಉಳಿಯುತ್ತವೆ.